ಕೆಲಸ ಕೇಳೋದಕ್ಕೂ ದುಡ್ಡಾ?

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಯಾರ ಮೇಲಾದರೂ ಕೂಗಾಡೋಣ ಅಂದರೆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಇಲ್ಲಿಗೆ ಬಂದೆ, ಸಹಿಸಿಕೊಳ್ಳಿ.

ಅಣ್ಣನ ಮಗಳು ಬಂದಿದ್ದಳು. ಕಳೆದ ವರ್ಷ ಬಿಎ ಮುಗಿಸಿದವಳು. ಕನ್ನಡ, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬರೆಯುತ್ತಾಳೆ. ಬರವಣಿಗೆ, ಅನುವಾದದ ಬಿಡಿ ಕೆಲಸ (ಫ್ರೀಲಾನ್ಸಿಂಗ್) ಸಿಗುವ ಒಂದು ಸೈಟಿನಲ್ಲಿ ಅರ್ಜಿ ಹಾಕುತ್ತಿದ್ದಾಳೆ, ಆ ಅರ್ಜಿಗೇ ಪ್ರಪೋಸಲ್ ಅನ್ನುವುದು. "ಅತ್ತೆ, ಈ ಪ್ರಪೋಸಲ್ ಒಂಚೂರು ನೋಡಿ. ಯಾಕೆ ಯಾರೂ ಓಪನ್ನೇ ಮಾಡ್ತಿಲ್ಲ?" ಅಂತ ಲ್ಯಾಪ್‌ಟಾಪ್ ಮುಂದಿಟ್ಟಳು. ಪ್ರಪೋಸಲ್‌ನಲ್ಲಿ ತಪ್ಪೇನೂ ಇರಲಿಲ್ಲ. ಪಕ್ಕದ ಟ್ಯಾಬ್‌ನಲ್ಲಿ ಅವಳ ಖಾತೆಯ ಲೆಕ್ಕ ತೆರೆದಿತ್ತು. ಸಂಪಾದನೆ ಸೊನ್ನೆ. ಕೆಳಗೆ ಸಾಲಾಗಿ ಕ್ರೆಡಿಟ್ (ಅರ್ಜಿ ಹಾಕಲು ಬೇಕಾದ ಟೋಕನ್) ಖರೀದಿ, ಕ್ರೆಡಿಟ್ ಖರೀದಿ, ಮತ್ತೆ ಕ್ರೆಡಿಟ್ ಖರೀದಿ. ಅಣ್ಣ ಕೋಚಿಂಗ್ ಫೀಸಿಗೆ ಅಂತ ಕೊಟ್ಟ ದುಡ್ಡು ಅದು. ಒಂದು ರೂಪಾಯಿ ದುಡಿಯುವ ಮುಂಚೆ ಮೂರು ಸಾವಿರದ ಹತ್ತಿರ ಕಳೆದಿದ್ದಾಳೆ. ಯಾತಕ್ಕೆ? "ಕೆಲಸ ಕೊಡಿ ಸಾರ್" ಅಂತ ಕೇಳೋದಕ್ಕೆ!

ಅದು ಯಾವ ಸೈಟು ಅಂತ ಕೇಳಬೇಡಿ, ಹೇಳುವುದಿಲ್ಲ. ಇಂಥವು ಹತ್ತಾರಿವೆ.

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. ಪತ್ರಿಕೆಯ ಡೆಸ್ಕ್ ಬಿಟ್ಟು ಮೈಸೂರಿಗೆ ಬಂದು ಕೂತಾಗ ಇಲಾನ್ಸ್, ಓಡೆಸ್ಕ್ ಅಂತ ಇಂಥವೇ ಎರಡು ಬೇರೆ ಬೇರೆ ಸೈಟುಗಳಿದ್ದವು. 2013ರ ಕೊನೆಗೆ ಒಂದಾಗುತ್ತೇವೆ ಅಂದವು, 2015ರಲ್ಲಿ ಅಪ್‌ವರ್ಕ್ ಅಂತ ಹೆಸರಿಟ್ಟುಕೊಂಡವು. ಅಲ್ಲಿ ಅರ್ಜಿ ಹಾಕಲು ಬೇಕಾದ ಕ್ರೆಡಿಟ್, ಅವರ ಭಾಷೆಯಲ್ಲಿ ಕನೆಕ್ಟ್ಸ್, ತಿಂಗಳಿಗಿಷ್ಟು ಅಂತ ಪುಕ್ಕಟೆ ಸಿಗುತ್ತಿದ್ದವು. 2019ರಲ್ಲಿ ಅದಕ್ಕೆ ಬೆಲೆ ಬಂತು, ಒಂದಕ್ಕೆ 0.15 ಡಾಲರ್. ಈಗಲೂ ಒಂದಿಷ್ಟು ಪುಕ್ಕಟೆ ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದೊಂದು ಕೆಲಸಕ್ಕೇ ಹತ್ತು ಹನ್ನೆರಡು ಬೇಕಾದರೆ ಅದು ಯಾವ ಮೂಲೆಗೆ ಸಾಕು? ಇದರ ಮೇಲೆ ಬೂಸ್ಟ್ ಬೇರೆ. ನಿಮ್ಮ ಅರ್ಜಿ ಮೇಲುಗಡೆ ಕಾಣಬೇಕಾದರೆ ಇನ್ನಷ್ಟು ಕನೆಕ್ಟ್ಸ್ ಸುರಿದು ಹರಾಜು ಕೂಗಬೇಕು.

ಸುಮ್ನೆ ಒಂದು ಲೆಕ್ಕ ಹಾಕಿ. 30 ಡಾಲರ್ ಬಜೆಟ್ಟಿನ ಒಂದು ಲೇಖನದ ಕೆಲಸ. ಐವತ್ತು ಜನ ಅರ್ಜಿ ಹಾಕಿದರು, ತಲಾ 12 ಕನೆಕ್ಟ್ಸ್. ಒಟ್ಟು 90 ಡಾಲರ್. ಬರೆಯುವವನಿಗೆ 30, ಬರೆಯುತ್ತೇನೆ ಅಂತ ಕೇಳಿಕೊಂಡವರೆಲ್ಲ ಸೇರಿ ಕಟ್ಟಿದ್ದು 90! ಆ 30ರಲ್ಲೂ ಕಮಿಷನ್ ಕಳೆದೇ ಕೈಗೆ ಬರುವುದು. ಕೊನೆಗೆ ಯಾರಿಗೂ ಕೆಲಸ ಕೊಡದೆ ಕೆಲಸ ಪೋಸ್ಟ್ ಮಾಡಿದ ಪುಣ್ಯಾತ್ಮ ನಾಪತ್ತೆಯಾದರಂತೂ ಮುಗಿಯಿತು.

ಕಮಿಷನ್ ಬಗ್ಗೆ ನನ್ನ ತಕರಾರಿಲ್ಲ. ಫೈವರ್ ಅನ್ನುವ ಇನ್ನೊಂದು ಸೈಟು 2010ರಲ್ಲಿ ಶುರುವಾದಾಗ ಎಲ್ಲ ಕೆಲಸಕ್ಕೂ ಐದೇ ಡಾಲರ್, ಅದರಲ್ಲಿ ಒಂದು ಡಾಲರ್ ಅವರಿಗೆ, ನಾಲ್ಕು ನಮಗೆ. ಈಗಲೂ ಶೇ. 20 ಹಿಡಿಯುತ್ತಾರೆ. ಜಾಸ್ತಿನೇ. ಆದರೆ ದುಡಿದ ಮೇಲೆ ಹಿಡಿಯುತ್ತಾರೆ ಅಲ್ವಾ? ಮಂಡಿಯ ದಲ್ಲಾಳಿಯನ್ನು ನಾವು ಎಷ್ಟು ಬೈಯುತ್ತೇವೆ. ಅವನೂ ಈರುಳ್ಳಿ ಮಾರಿದ ಮೇಲೆ ಕಮಿಷನ್ ಮುರಿದುಕೊಳ್ಳುತ್ತಾನೆ. ಗಾಡಿ ನಿಲ್ಲಿಸಿದ ಕೂಡಲೇ ಕೈ ಚಾಚಿ, "ನಿನ್ನ ಮೂಟೆಯನ್ನು ಸಾಹುಕಾರರು ನೋಡ್ತಾರೋ ಇಲ್ವೋ ಗೊತ್ತಿಲ್ಲ, ನೋಡಲಿ ಅಂತ ಆಸೆ ಇದ್ದರೆ ದುಡ್ಡು ಕಟ್ಟು" ಅನ್ನುವುದಿಲ್ಲ.

ಗೊತ್ತು, ಗೊತ್ತು. ಈಗ ಐಟಿ ಗೆಳೆಯರೊಬ್ಬರು ಬರುತ್ತಾರೆ. "ಪುಕ್ಕಟೆ ಬಿಟ್ಟರೆ ಎಲ್ಲರೂ ಕಾಪಿ ಪೇಸ್ಟ್ ಅರ್ಜಿ ಸುರೀತಾರೆ ಮೇಡಂ, ಅದನ್ನು ತಡೆಯೋಕೆ ಈ ಫೀಸು." ಕೇಳಲು ಚೆನ್ನಾಗಿದೆ. ಹಾಗಾದರೆ ಕೆಲಸ ಪೋಸ್ಟ್ ಮಾಡುವವರಿಗೆ ಯಾಕೆ ಪುಕ್ಕಟೆ? ಸುಮ್ನೆ ರೇಟು ವಿಚಾರಿಸಲು ಪೋಸ್ಟ್ ಹಾಕುವವರು, ಸ್ಯಾಂಪಲ್ ಅಂತ ಬರೆಸಿಕೊಂಡು ಮಾಯವಾಗುವವರು, ಇವರದೆಲ್ಲ ಸ್ಪ್ಯಾಮ್ ಅಲ್ವಾ? ಅದೂ ಅಲ್ಲದೆ 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಅರ್ಜಿ ಬರೆಯಲು ಎಷ್ಟು ಹೊತ್ತು ಬೇಕು? ದುಡ್ಡಿದ್ದವರು ಈಗಲೂ ಸುರಿಯುತ್ತಲೇ ಇದ್ದಾರೆ. ಫೀಸಿಗೆ ಹೆದರಿ ಹಿಂದೆ ಸರಿಯುವುದು ನಮ್ಮ ಹುಡುಗಿಯಂಥವರು, ಇನ್ನೂರು ರೂಪಾಯಿಗೆ ನಾಲ್ಕು ಸಲ ಯೋಚಿಸುವವರು.

ಸ್ಯಾಂಪಲ್ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವಳಿಗೆ ಒಬ್ಬ ಉತ್ತರ ಬರೆದಿದ್ದ. "ಟೆಸ್ಟ್‌ಗೆ ಮೂರನೇ ಅಧ್ಯಾಯ ಅನುವಾದ ಮಾಡಿ ಕಳಿಸಿ" ಅಂತ. ಇಡೀ ಅಧ್ಯಾಯ! ಮಾಡಿಯೂ ಕೊಟ್ಟಿದ್ದಾಳೆ. ಆಮೇಲೆ ಮಾತಿಲ್ಲ. ನಾಲ್ಕನೆಯದು ಯಾರ ಮನೆಯ ಹುಡುಗಿಗೆ ಹೋಯಿತೋ, ಐದನೆಯದು ಯಾರಿಗೋ. ಕೇಳಲು ದುಡ್ಡು ಕಟ್ಟಿ, ಆಮೇಲೆ ಪುಕ್ಕಟೆ ದುಡಿಯುವುದು. ನಮ್ಮಜ್ಜಿ ಇದ್ದಿದ್ದರೆ ಇದಕ್ಕೊಂದು ಒಳ್ಳೆಯ ಬೈಗುಳ ಹುಡುಕುತ್ತಿದ್ದಳು.

ಇಷ್ಟೆಲ್ಲ ಬೈಯುವ ನಾನು ತಿಂದದ್ದೂ ಅದೇ ಅನ್ನ. ನಾಯಿ ಸಾಕಿ ಗೊತ್ತಿಲ್ಲದ ನಾನು ನಾಯಿಯ ಆಹಾರದ ಬಗ್ಗೆ ರಾಶಿ ರಾಶಿ ಲೇಖನ ಬರೆದಿದ್ದೇನೆ. ಗಂಟೆ ಲೆಕ್ಕದ ಕೆಲಸದಲ್ಲಿ ಹತ್ತು ನಿಮಿಷಕ್ಕೊಂದರಂತೆ ಸ್ಕ್ರೀನ್‌ಶಾಟ್ ತೆಗೆಯುವ ಟ್ರ್ಯಾಕರ್ ಹಾಕಿಕೊಂಡು, ಯೋಚನೆ ಮಾಡುವಾಗಲೂ ಮೌಸ್ ಅಲ್ಲಾಡಿಸುತ್ತಾ ಕೂತಿದ್ದೇನೆ. ಯೋಚಿಸುವುದೂ ಬರೆಯುವವರ ಕೆಲಸ ಅಂತ ಟ್ರ್ಯಾಕರ್‌ಗೆ ಏನು ಗೊತ್ತು? ಆ ದುಡ್ಡಿನಲ್ಲೇ ಮನೆ ಸಾಲದ ಅರ್ಧ ತೀರಿದ್ದು. ಹೀಗಾಗಿ ಅವಳಿಗೆ "ಬಿಟ್ಟು ಬಾ" ಅನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಕೋಪ ಬಂದಿದ್ದೂ ಅದಕ್ಕೇ. ನನಗೆ ಬಾಗಿಲು ಸುಮ್ನೆ ತೆರೆದಿತ್ತು, ಅವಳಿಗೆ ಟಿಕೆಟ್ ಇಟ್ಟಿದ್ದಾರೆ.

ಈ ಬಾಗಿಲ ಮುಂದೆ ಇನ್ನೊಂದು ಅಂಗಡಿಯೂ ಇದೆ. "ಮನೆಯಲ್ಲೇ ಕೂತು ಬರೆದು ತಿಂಗಳಿಗೆ ಲಕ್ಷ" ಅನ್ನುವ ರೀಲ್ಸ್ ವೀರರದ್ದು. 99 ರೂಪಾಯಿಗೆ ವೆಬಿನಾರ್, ಅದರ ಕೊನೆಗೆ ಸಾವಿರಾರು ರೂಪಾಯಿಯ ಕೋರ್ಸು. ಬರೆದು ಲಕ್ಷ ಬರುವುದಾದರೆ ಸ್ವಾಮಿ, ನೀವ್ಯಾಕೆ ಬರೆಯದೆ ರೀಲ್ಸ್ ಮಾಡುತ್ತಿದ್ದೀರಿ?

ಕೊನೆಗೆ ಹುಡುಗಿಯನ್ನು ಕೂರಿಸಿಕೊಂಡು ಹೇಳಿದ್ದಿಷ್ಟು. ಪುಕ್ಕಟೆ ಸಿಗುವ ಕ್ರೆಡಿಟ್‌ನಲ್ಲಿ ಮಾತ್ರ ಅರ್ಜಿ ಹಾಕು, ಕೈಯಿಂದ ಒಂದು ಪೈಸೆ ಹಾಕಬೇಡ. ಕೆಲಸ ಕೊಡುವವರ ಹೆಸರಿನ ಜೊತೆ ಪೇಮೆಂಟ್ ವೆರಿಫೈಡ್ (ದುಡ್ಡು ಕಟ್ಟುವ ದಾರಿ ಖಾತ್ರಿಯಾಗಿದೆ) ಅಂತ ಇಲ್ಲದ ಕಡೆ ಹೋಗಲೇಬೇಡ. ಹಿಂದೆ ಹಾಕಿದ ಪೋಸ್ಟುಗಳಲ್ಲಿ ಎಷ್ಟಕ್ಕೆ ನಿಜವಾಗಿ ಜನರನ್ನು ತಗೊಂಡಿದ್ದಾರೆ ಅಂತ ಹೈರ್ ರೇಟ್ ನೋಡು. ಬಂದ ಅರ್ಜಿಗಳು ಆಗಲೇ ಐವತ್ತು ದಾಟಿದ್ದರೆ ಆ ಕೆಲಸ ಬಿಟ್ಟು ಮುಂದಕ್ಕೆ ಹೋಗು. ಟೆಸ್ಟ್ ಅಂದರೆ ಒಂದು ಪ್ಯಾರಾ, ಅಷ್ಟೇ. ಅನುವಾದದ ಏಜೆನ್ಸಿಗಳಿಗೆ ನೇರವಾಗಿ ಮೇಲ್ ಮಾಡು, ಅದಕ್ಕೆ ಯಾರೂ ಫೀಸು ಕೇಳುವುದಿಲ್ಲ. ಪ್ರೋಝ್ ಅನ್ನುವ ಅನುವಾದಕರ ಸೈಟಿನಲ್ಲಿ ಬ್ಲೂ ಬೋರ್ಡ್ ಅಂತಿದೆ, ಏಜೆನ್ಸಿ ಸರಿಯಾಗಿ ದುಡ್ಡು ಕೊಡುತ್ತೋ ಇಲ್ವೋ ಅಂತ ಅನುವಾದಕರೇ ಅಲ್ಲಿ ಅಂಕ ಕೊಟ್ಟಿರುತ್ತಾರೆ. (ಅಲ್ಲೂ ದುಡ್ಡು ಕಟ್ಟಿ ಮೆಂಬರ್ ಆದವರಿಗೇ ಮೊದಲ ಮಣೆ. ಎಲ್ಲಿಗೆ ಹೋದರೂ ಇದೇ ಹಾಡು!)

ಅವಳು ಎಲ್ಲ ಕೇಳಿಸಿಕೊಂಡು, "ಅತ್ತೆ, ನಿಮ್ಮ ಹತ್ರ ಏನಾದ್ರೂ ಕೆಲಸ ಇದ್ರೆ ಕೊಡಿ" ಅಂದಳು. ಕೊಟ್ಟಿದ್ದೇನೆ, ಒಂದು ಕೈಪಿಡಿಯ ಅನುವಾದ, ಅರ್ಧ ದುಡ್ಡು ಮುಂಗಡ. ನಿಮ್ಮಲ್ಲೂ ಪ್ರಕಾಶಕರು, ಎನ್‌ಜಿಒದವರು, ಸಬ್‌ಟೈಟಲ್ ಮಾಡಿಸುವವರು ಇದ್ದೀರಿ. ಕೆಲಸ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ನಂಬರ್ ಕೊಡುತ್ತೇನೆ. ರೇಟು ಮೊದಲೇ ಹೇಳಿ. "ಹೊಸಬರು, ಅನುಭವ ಆಗುತ್ತೆ, ಎಕ್ಸ್‌ಪೋಷರ್ ಸಿಗುತ್ತೆ" ಅನ್ನುವವರು ದಯವಿಟ್ಟು ಬರಬೇಡಿ. ಕಾಮೆಂಟಿನಲ್ಲಿ ಕೋರ್ಸಿನ ಲಿಂಕ್ ಹಾಕಿದವರನ್ನು ಓದದೇ ಬ್ಲಾಕ್ ಮಾಡುತ್ತೇನೆ, ನೆಂಟರಾದರೂ ಸರಿ.