ಗಡಿ ದಾಟುವ ಯುಪಿಐ: ಎಲ್ಲ ಬ್ಯಾಂಕುಗಳೂ ಸೇರಲೇಬೇಕೇ?

ಪರ

2023ರ ಫೆಬ್ರವರಿ 21ರಂದು ನಮ್ಮ ಯುಪಿಐ ಮತ್ತು ಸಿಂಗಪುರದ ತತ್‌ಕ್ಷಣ ಪಾವತಿ ವ್ಯವಸ್ಥೆ ಪೇನೌ ಬೆಸೆದುಕೊಂಡಾಗ ಹಣ ಕಳಿಸಲೂ ಪಡೆಯಲೂ ಅನುಕೂಲವಿದ್ದದ್ದು ಭಾರತದ ನಾಲ್ಕೇ ಬ್ಯಾಂಕುಗಳಲ್ಲಿ: ಸ್ಟೇಟ್ ಬ್ಯಾಂಕ್, ಇಂಡಿಯನ್ ಬ್ಯಾಂಕ್, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಐಸಿಐಸಿಐ. ಆಕ್ಸಿಸ್ ಮತ್ತು ಡಿಬಿಎಸ್ ಇಂಡಿಯಾದ ಗ್ರಾಹಕರು ಪಡೆಯಬಹುದಿತ್ತು, ಅಷ್ಟೇ. 2025ರಲ್ಲಿ ಕೆನರಾ ಬ್ಯಾಂಕೂ ಸೇರಿದಂತೆ ಇನ್ನಷ್ಟು ಬಂದು ಸಂಖ್ಯೆ 19 ಆಯಿತು. ದೇಶದೊಳಗಿನ ಯುಪಿಐಯಲ್ಲಿರುವ ಬ್ಯಾಂಕುಗಳು 600ಕ್ಕೂ ಹೆಚ್ಚು! ಸಿಂಗಪುರದಲ್ಲಿ ದುಡಿಯುವ ಮಗ ಹಾವೇರಿಯ ತಾಯಿಗೆ ಹಣ ಕಳಿಸಬೇಕು, ಆಕೆಯ ಖಾತೆ ಈ ಪಟ್ಟಿಯಲ್ಲಿಲ್ಲದ ಬ್ಯಾಂಕಿನಲ್ಲಿದೆ ಎನ್ನಿ. ಅವರ ಪಾಲಿಗೆ ಈ ಜೋಡಣೆ ಇದ್ದೂ ಇಲ್ಲದಂತೆ.

ಬ್ಯಾಂಕುಗಳ ಇಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಯುರೋಪ್ ಕಂಡಿದೆ. ಯುರೋ ಹಣವನ್ನು 10 ಸೆಕೆಂಡಿನಲ್ಲಿ ತಲುಪಿಸುವ ಸೆಪಾ ಇನ್‌ಸ್ಟಂಟ್ 2017ರ ನವೆಂಬರ್‌ನಲ್ಲಿ ಶುರುವಾಯಿತು. ಸೇರುವುದು ಬಿಡುವುದು ಬ್ಯಾಂಕಿನ ಆಯ್ಕೆ. 2022ರ ಆರಂಭಕ್ಕೂ ಅಲ್ಲಿನ ಯುರೋ ವರ್ಗಾವಣೆಗಳಲ್ಲಿ ತತ್‌ಕ್ಷಣದವು ಶೇ 11ರಷ್ಟೇ. ಕೊನೆಗೆ 2024ರಲ್ಲಿ ಯುರೋಪಿಯನ್ ಒಕ್ಕೂಟ ಕಾನೂನನ್ನೇ ತಂದಿತು. ಯುರೋ ವಲಯದ ಬ್ಯಾಂಕುಗಳು 2025ರ ಜನವರಿ 9ರಿಂದ ಇಂಥ ಹಣವನ್ನು ಸ್ವೀಕರಿಸಲೇಬೇಕು, ಅಕ್ಟೋಬರ್ 9ರಿಂದ ಕಳಿಸಲೂ ಬೇಕು, ಸಾಮಾನ್ಯ ವರ್ಗಾವಣೆಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ. ಮೊದಲು ಸ್ವೀಕಾರ, ಆಮೇಲೆ ರವಾನೆ ಎಂಬ ಈ ಕ್ರಮ ನಮಗೂ ಒಗ್ಗುತ್ತದೆ.

ಸಣ್ಣ ಬ್ಯಾಂಕಿಗೆ ಇದು ಹೊರೆ ಎಂಬ ಮಾತನ್ನು ನಾನು ಒಪ್ಪಲಾರೆ. ಹಲವು ದೇಶಗಳ ಪಾವತಿ ವ್ಯವಸ್ಥೆಗಳನ್ನು ಒಟ್ಟಿಗೆ ಬೆಸೆಯಲು ಕೇಂದ್ರ ಬ್ಯಾಂಕುಗಳ ಅಂತರರಾಷ್ಟ್ರೀಯ ಸಂಸ್ಥೆ ಬಿಐಎಸ್ ರೂಪಿಸಿದ, 2024ರಲ್ಲಿ ಭಾರತವೂ ಕೈಜೋಡಿಸಿದ ನೆಕ್ಸಸ್ ಯೋಜನೆಯನ್ನು ನೋಡಿ. ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್ ಮತ್ತು ಭಾರತ ಒಂದೊಂದರ ಜೊತೆ ಬಿಡಿಬಿಡಿಯಾಗಿ ಬೆಸೆದುಕೊಳ್ಳಲು 10 ಜೋಡಣೆ ಬೇಕು. ನೆಕ್ಸಸ್ ಇದ್ದರೆ ಪ್ರತಿ ದೇಶಕ್ಕೆ ಒಂದು ಸಾಕು. ಕರೆನ್ಸಿ ಬದಲಿಸುವುದು ಎರಡೂ ದೇಶಗಳಲ್ಲಿ ಖಾತೆಯಿರುವ ವಿನಿಮಯ ಸಂಸ್ಥೆಯ ಕೆಲಸ. ಅದು ಅಲ್ಲಿ ಸಿಂಗಪುರ ಡಾಲರ್ ಪಡೆದು ಇಲ್ಲಿ ರೂಪಾಯಿ ಕೊಡುತ್ತದೆ. ಹಾವೇರಿಯ ಶಾಖೆಗೆ ಬಂದು ಸೇರುವುದು ರೂಪಾಯಿಯೇ. ಅದಕ್ಕಾಗಿ ಆ ಬ್ಯಾಂಕು ಪರದೇಶದಲ್ಲಿ ನಾಸ್ಟ್ರೋ ಖಾತೆ (ಅಲ್ಲಿನ ಬ್ಯಾಂಕಿನಲ್ಲಿ ಆ ದೇಶದ ಕರೆನ್ಸಿಯ ತನ್ನದೇ ಖಾತೆ) ತೆರೆದು ಹಣ ಕೂಡಿಡಬೇಕಿಲ್ಲ.

ವಿಶ್ವಬ್ಯಾಂಕಿನ ಲೆಕ್ಕದಲ್ಲಿ 200 ಡಾಲರ್ ಊರಿಗೆ ಕಳಿಸಲು ಜಗತ್ತಿನ ಸರಾಸರಿ ಖರ್ಚು ಶೇ 6ಕ್ಕೂ ಹೆಚ್ಚು. ಅದನ್ನು ತೆರುತ್ತಿರುವವರು ಕಟ್ಟಡ ಕೆಲಸದವರು, ಮನೆಗೆಲಸದವರು. ರಿಸರ್ವ್ ಬ್ಯಾಂಕ್ ಗಡುವು ಹಾಕದೆ ಈ ಹಣ ಅವರ ಕೈಗೆ ಉಳಿಯುವುದಿಲ್ಲ.

ವಿರೋಧ

ಆ ತಾಯಿಗೆ ಹಣ ಬೇಗ ಸಿಗಬೇಕೆಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಕೊನೆಗೆ ಬರುವುದು ರೂಪಾಯಿಯೇ ಎಂಬ ವಾದ ಅರ್ಧ ಸತ್ಯ. ಹಣ ರೂಪಾಯಿಯಾಗಿ ಬಂದರೂ ಅದರ ಮೂಲ ವಿದೇಶವೇ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಫೆಮಾ ಅದನ್ನು ಹಿಂಬಾಲಿಸಿಕೊಂಡೇ ಬರುತ್ತದೆ. ಟ್ರಸ್ಟ್ ಖಾತೆಯಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಎಫ್‌ಸಿಆರ್‌ಎ ಬೇರೆ: ವಿದೇಶಿ ದೇಣಿಗೆ ಮೊದಲು ಬಂದು ಬೀಳಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಯಾವ ಹಣ ಯಾವ ಖಾತೆಗೆ ಬರಬಹುದು, ಬರಬಾರದು ಎಂದು ನೋಡುವ ಹೊಣೆ ಸ್ವೀಕರಿಸುವ ಬ್ಯಾಂಕಿನದೂ ಹೌದು.

ಇನ್ನು ಹೆಸರಿನ ತಪಾಸಣೆ. ಭಾರತ ಮತ್ತು ಯುಎಇ ತಮ್ಮ ಪಾವತಿ ವ್ಯವಸ್ಥೆಗಳನ್ನು ಬೆಸೆಯಲು 2023ರ ಜುಲೈಯಲ್ಲಿ ಒಪ್ಪಂದ ಮಾಡಿಕೊಂಡಿವೆ. ಭಟ್ಕಳ, ಮಂಗಳೂರು, ಉಡುಪಿ ಕಡೆಯವರಿಗೆ ಇದು ದೊಡ್ಡ ವಿಷಯ. ಅಲ್ಲಿ ಒಂದೇ ಹೆಸರಿನವರು ಎಷ್ಟೋ ಜನ. ಕಳಿಸಿದವರ ಹೆಸರು ನಿರ್ಬಂಧಿತರ (ಭಯೋತ್ಪಾದಕರು ಮುಂತಾಗಿ ಹಣದ ವ್ಯವಹಾರ ನಿಷೇಧಿಸಲಾದವರ) ಪಟ್ಟಿಯ ಯಾವುದೋ ಹೆಸರಿಗೆ ಹೋಲಿದರೆ, ಜನ್ಮದಿನಾಂಕ, ವಿಳಾಸ ತಾಳೆ ನೋಡಿ ‘ಇವರು ಅವರಲ್ಲ’ ಎನ್ನಲು ರಾತ್ರಿ ಎರಡು ಗಂಟೆಗೂ ತಿಳಿದವರೊಬ್ಬರು ಕೂತಿರಬೇಕು. ಅಂಥವರಿಲ್ಲದ ಬ್ಯಾಂಕಿಗೆ ಇರುವುದು ಎರಡೇ ದಾರಿ: ಪ್ರಾಮಾಣಿಕನ ಹಣವನ್ನು ಹಿಂದಕ್ಕೆ ಕಳಿಸುವುದು, ಇಲ್ಲವೇ ಎಲ್ಲವನ್ನೂ ಕಣ್ಣುಮುಚ್ಚಿ ಬಿಡುವುದು. ಯುರೋಪ್ ಈ ತೊಡಕು ಬಿಡಿಸಿದ್ದು ಹೇಗೆ ಗೊತ್ತೇ? ಒಕ್ಕೂಟದ ನಿರ್ಬಂಧ ಪಟ್ಟಿಗೆ ಪ್ರತಿ ಪಾವತಿಯ ಬದಲು ತಮ್ಮ ಗ್ರಾಹಕರನ್ನೇ ದಿನವೂ ತಾಳೆ ನೋಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಒಂದೇ ಕರೆನ್ಸಿ, ಒಂದೇ ಕಾನೂನು ಇದ್ದುದರಿಂದ ಅದು ಸಾಧ್ಯವಾಯಿತು. ಏಷ್ಯಾದಲ್ಲಿ ದೇಶಕ್ಕೊಂದು ಕಾನೂನು, ಪಟ್ಟಿಯೂ ದೇಶಕ್ಕೊಂದು.

ನನ್ನನ್ನು ಹೆಚ್ಚು ಕಾಡುವುದು ಸೈಬರ್ ಕಳ್ಳತನ. ಪುಣೆಯ ಕಾಸ್ಮೋಸ್ ದೇಶದ ದೊಡ್ಡ ನಗರ ಸಹಕಾರಿ ಬ್ಯಾಂಕುಗಳಲ್ಲೊಂದು. 2018ರ ಆಗಸ್ಟ್‌ನಲ್ಲಿ ಅಲ್ಲಿಂದ ಸುಮಾರು 94 ಕೋಟಿ ರೂಪಾಯಿ ದೋಚಲಾಯಿತು. ಬಹುಪಾಲು ನಕಲಿ ಕಾರ್ಡ್‌ಗಳ ಮೂಲಕ ಹಲವು ದೇಶಗಳ ಎಟಿಎಂಗಳಿಂದ ಹೋಯಿತು, 13.92 ಕೋಟಿ, ಬ್ಯಾಂಕುಗಳು ದೇಶದೇಶಗಳ ನಡುವೆ ಪಾವತಿ ಸಂದೇಶ ಕಳಿಸುವ ಸ್ವಿಫ್ಟ್ ದಾರಿಯಲ್ಲಿ ಹಾಂಗ್‌ಕಾಂಗ್ ಸೇರಿತು. ಅಷ್ಟು ದೊಡ್ಡ ಬ್ಯಾಂಕಿನದೇ ಈ ಗತಿಯಾದರೆ, ಐದಾರು ಶಾಖೆಗಳ ಪಟ್ಟಣ ಸಹಕಾರಿ ಬ್ಯಾಂಕನ್ನು ಗಡುವು ಹಾಕಿ ಗಡಿಯಾಚೆಯ ಜಾಲಕ್ಕೆ ನೂಕುವುದು ಠೇವಣಿದಾರರಿಗೆ ಮಾಡುವ ಅನ್ಯಾಯ. ಸಿಂಗಪುರದ ಜೋಡಣೆಯಲ್ಲಿ ದಿನಕ್ಕೆ 60,000 ರೂಪಾಯಿ ಮಿತಿಯಿಟ್ಟು ಎಚ್ಚರದಿಂದ ಹೊರಟದ್ದು ಸರಿಯಾಗಿಯೇ ಇತ್ತು.

ಕಡ್ಡಾಯ ಮಾಡುವುದಾದರೆ ವಿದೇಶಿ ವಿನಿಮಯದ ಪರವಾನಗಿ ಈಗಾಗಲೇ ಇರುವ ಬ್ಯಾಂಕುಗಳಿಗೆ ಮಾಡಿ. ಉಳಿದವು ಎನ್‌ಇಎಫ್‌ಟಿಯಲ್ಲಿ ಉಪಸದಸ್ಯರಾಗಿ ಬಂದಂತೆ ಇಲ್ಲಿಯೂ ಪ್ರಾಯೋಜಕ ಬ್ಯಾಂಕೊಂದರ ಮೂಲಕ ಬರಲಿ; ತಪಾಸಣೆಯ ಹೊಣೆ ಆ ದೊಡ್ಡ ಬ್ಯಾಂಕಿನ ಮೇಲಿರಲಿ. ಯಾವಾಗ ಸೇರಬೇಕೆಂಬುದನ್ನು ಸಣ್ಣ ಬ್ಯಾಂಕಿನ ಆಡಳಿತ ಮಂಡಳಿ ತನ್ನ ತಾಂತ್ರಿಕ ಸಿಬ್ಬಂದಿಯನ್ನು ಕೇಳಿ ತೀರ್ಮಾನಿಸಲಿ.