ಕೇಕಿಗೊಂದು ಹಾರ, ಫೋಟೋಕ್ಕೊಂದು ಮೇಣದಬತ್ತಿ

ಡಿಸೆಂಬರ್ 29ರ ಬೆಳಿಗ್ಗೆ ನಮ್ಮ ಬಳ್ಳಾರಿಯ ವೃತ್ತವೊಂದರಲ್ಲಿ ತಲೆಯೆತ್ತಿದ ಆ ಬ್ಯಾನರಿನ ಚಿತ್ರವನ್ನು ಈ ವೇಳೆಗೆ ನೀವೆಲ್ಲರೂ ಮೊಬೈಲಿನಲ್ಲಿ ಕನಿಷ್ಠ ನಾಲ್ಕು ಬಾರಿಯಾದರೂ ನೋಡಿರುತ್ತೀರಿ, ಆದ್ದರಿಂದ ಅದರ ವರ್ಣನೆಗೆ ಹೆಚ್ಚು ಜಾಗ ವ್ಯಯಿಸುವುದಿಲ್ಲ. ಎಡಕ್ಕೆ ಕುವೆಂಪು, ಬಲಕ್ಕೆ ಸಿ. ಅಶ್ವತ್ಥ್, ನಡುವೆ ಅವರಿಬ್ಬರನ್ನು ಸೇರಿಸಿದರೂ ಮೀರುವ ಗಾತ್ರದಲ್ಲಿ ಕೈಮುಗಿದು ನಿಂತ ಯುವ ಮುಖಂಡರು, ಅವರ ಪಾದದ ಬಳಿ ಅಂಚೆಚೀಟಿಯಷ್ಟಗಲದ ಮುಖಗಳಲ್ಲಿ ಸಾಲಾಗಿ ಶುಭ ಕೋರುವವರು. ಅಶ್ವತ್ಥರ ತಲೆಯ ಮೇಲೆ ‘ಜನ್ಮದಿನದ ಹಾರ್ದಿಕ ಶುಭಾಶಯಗಳು’, ಅದೇ ಅಶ್ವತ್ಥರ ಎದೆಯ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ ನಿಷೇಧಿಸಿದ್ದು 2016ರಲ್ಲಾದ್ದರಿಂದ, ಕಾನೂನಿನ ಕಣ್ಣಿಗೆ ಆ ಬ್ಯಾನರು ಅಲ್ಲಿ ಇರಲೇ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಊರೆಲ್ಲ ನಕ್ಕಿತು. ನಾನು ಮಾತ್ರ ಆ ಬ್ಯಾನರಿನ ಪರವಾಗಿ ವಕಾಲತ್ತು ವಹಿಸಬೇಕೆಂದಿದ್ದೇನೆ, ಏಕೆಂದರೆ ಅದರಲ್ಲಿ ಬರೆದಿದ್ದ ಒಂದಕ್ಷರವೂ ಸುಳ್ಳಲ್ಲ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು, ಸರಿಯಾಗಿ ಎಪ್ಪತ್ತು ತುಂಬಿದ ದಿನ. ನಮ್ಮ ವೃತ್ತಗಳಲ್ಲಿ ನೇತಾಡುವ ಉಳಿದ ಬ್ಯಾನರುಗಳಲ್ಲಿ ‘ಬಡವರ ಬಂಧು’ ಎಂಬುದರಿಂದ ಹಿಡಿದು ‘ಅಜಾತಶತ್ರು’ ಎಂಬುದರವರೆಗೆ ಯಾವ ಮಾತನ್ನು ಪ್ರಮಾಣಪೂರ್ವಕ ನಿಜವೆನ್ನಲು ಸಾಧ್ಯ? ಹೀಗಿರುವಾಗ ಅಚ್ಚಾದ ಎರಡೂ ಸಾಲು ನಿಜವಾಗಿರುವ ಬ್ಯಾನರನ್ನು ಕಂಡು ನಗುವುದು ಕೃತಘ್ನತೆ.

ಮಿತವ್ಯಯದ ದೃಷ್ಟಿಯಿಂದಲೂ ಸಂಘಟಕರನ್ನು ಮೆಚ್ಚಲೇಬೇಕು. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29, ಆದ್ದರಿಂದ ವಿಶ್ವಮಾನವ ದಿನದ ಹೆಸರಿನಲ್ಲಿ ಹೇಗೂ ಪೆಂಡಾಲು ಹಾಕಲೇಬೇಕು. ಹಾಕಿದ ಪೆಂಡಾಲಿನಲ್ಲಿ ಅಶ್ವತ್ಥರ ಜಯಂತಿ ಮತ್ತು ಪುಣ್ಯತಿಥಿ ಎರಡನ್ನೂ ಮುಗಿಸಬಹುದು. 1942ರ ಅದೇ ದಿನ ರಾಜೇಶ್ ಖನ್ನಾ ಕೂಡ ಹುಟ್ಟಿದ್ದಾರೆಂದು ಆರ್ಕೆಸ್ಟ್ರಾದವರು ನೆನಪಿಸಿದ್ದರಿಂದ, ಸ್ವತಃ ಹಾಡದಿದ್ದರೂ ಕಿಶೋರ್ ಕುಮಾರರ ಕಂಠಕ್ಕೆ ತುಟಿ ಅಲ್ಲಾಡಿಸಿದ ಅರ್ಹತೆಯ ಮೇಲೆ ಅವರಿಗೂ ಒಂದು ಗಂಟೆ ಮಂಜೂರಾಯಿತು. ಮರುದಿನ ವಿಷ್ಣುವರ್ಧನ್ ಪುಣ್ಯಸ್ಮರಣೆ. ಅದರ ಮರುದಿನ ವರ್ಷಾಂತ್ಯದ ಡಿಜೆ. ವಿಶ್ವಮಾನವ ಸಂದೇಶದಿಂದ ಹೊಸ ವರ್ಷದ ಕುಣಿತದವರೆಗೆ ಒಂದೇ ಶಾಮಿಯಾನ, ಅವೇ ಕುರ್ಚಿಗಳು, ಒಂದೇ ಜನರೇಟರು.

ಮೇಲಿನ ಸಾಲನ್ನು ಬರೆದ ಮೇಲೆ 2009ರ ಆ ಎರಡು ದಿನಗಳು ನೆನಪಾಗಿ ಸ್ವಲ್ಪ ಹೊತ್ತು ಲೇಖನಿ ಕೆಳಗಿಟ್ಟೆ. 29ರಂದು ಅಶ್ವತ್ಥ್ ಹೋದರು, 30ರ ನಸುಕಿನಲ್ಲಿ ವಿಷ್ಣುವರ್ಧನ್ ಹೋದರು. ಶಿಶುನಾಳ ಶರೀಫರನ್ನು ಮನೆಮನೆಯ ಟೇಪ್ ರೆಕಾರ್ಡರಿಗೆ ತಂದು ಕೂರಿಸಿದ ಗಾಯಕನಿಗಾಗಿ ಅಳಲು ನಾಡಿಗೆ ಪೂರ್ತಿ ಒಂದು ದಿನವೂ ಸಿಗಲಿಲ್ಲ. ಅಂದು ಬಾಕಿ ಉಳಿದ ಆ ದುಃಖವನ್ನು ಈಗ ಕೇಕ್ ಕತ್ತರಿಸಿ ತೀರಿಸುತ್ತಿದ್ದೇವೆಂದು ಭಾವಿಸೋಣ.

ಹೌದು, ಕೇಕು. ಕಾರ್ಯಕ್ರಮಪಟ್ಟಿಯಲ್ಲಿ ಮೌನಾಚರಣೆ ಮೊದಲೋ ಕೇಕ್ ಮೊದಲೋ ಎಂಬ ಬಗ್ಗೆ ವೇದಿಕೆಯ ಹಿಂದೆ ಗಂಭೀರವಾದ ಚರ್ಚೆಯೇ ನಡೆಯಿತು. ಹುಟ್ಟು ಸಾವಿಗಿಂತ ಮೊದಲಾದ್ದರಿಂದ ಕೇಕ್ ಮೊದಲು ಎಂದು ಒಂದು ಪಕ್ಷ. ಬಾಯಿ ಸಿಹಿ ಮಾಡಿಕೊಂಡು ಮೌನವಾಗಿ ನಿಲ್ಲುವುದು ಶೋಭಿಸದೆಂದು ಇನ್ನೊಂದು ಪಕ್ಷ. ಮುಖ್ಯ ಅತಿಥಿಗಳಿಗೆ ಬೇರೆ ಮೂರು ಕಡೆ ಉದ್ಘಾಟನೆಗಳಿದ್ದುದರಿಂದ ಕೊನೆಗೆ ಎರಡನ್ನೂ ಏಕಕಾಲದಲ್ಲಿ ನೆರವೇರಿಸಲಾಯಿತು. ನಾವು ಸಭಿಕರು ಎದ್ದು ನಿಂತು ತಲೆ ತಗ್ಗಿಸಿದ್ದೆವು, ವೇದಿಕೆಯ ಮೇಲೆ ಚಾಕು ಆಡುತ್ತಿತ್ತು, ಮೌನದ ಎರಡನೆಯ ನಿಮಿಷದಲ್ಲಿ ಯಾರೋ ಪಾರ್ಟಿ ಪಾಪರ್ ಸಿಡಿಸಿದರು. ಜೀವಮಾನವಿಡೀ ಕನ್ನಡ ಕವಿತೆಗಳಿಗೆ ರಾಗ ಹುಡುಕಿದ ಮನುಷ್ಯನ ಫೋಟೋದ ಮುಂದೆ ‘ಹ್ಯಾಪಿ ಬರ್ತ್‌ಡೇ ಟು ಯೂ’ ಹಾಡಲಾಯಿತು, ಅದೂ ಮೂರು ಬೇರೆ ಬೇರೆ ಶ್ರುತಿಗಳಲ್ಲಿ. ಗಡಿಬಿಡಿಯಲ್ಲಿ ತಂದ ಹಾರ ಕೇಕಿನ ಡಬ್ಬಿಯ ಮೇಲೆ ಬಿತ್ತು, ಮೇಣದಬತ್ತಿಯನ್ನು ಫೋಟೋದ ಮುಂದೆ ಹಚ್ಚಿಟ್ಟರು.

ಹಾಡಿನ ಲೋಕದಲ್ಲಿ ಇಂತಹ ಕಾಕತಾಳೀಯ ಹೊಸದೇನಲ್ಲ. ಕಿಶೋರ್ ಕುಮಾರ್ ತೀರಿಕೊಂಡದ್ದು 1987ರ ಅಕ್ಟೋಬರ್ 13ರಂದು, ಅದು ಅವರ ಅಣ್ಣ ಅಶೋಕ್ ಕುಮಾರರ ಹುಟ್ಟುಹಬ್ಬದ ದಿನ. ಆಮೇಲೆ ಅಣ್ಣ ತಮ್ಮ ಹುಟ್ಟುಹಬ್ಬವನ್ನು ಆಚರಿಸುವುದನ್ನೇ ನಿಲ್ಲಿಸಿಬಿಟ್ಟರು ಎನ್ನುತ್ತಾರೆ. ಅವರಿಗೆ ಸರಿಯಾದ ಸಂಘಟಕರು ಸಿಗಲಿಲ್ಲವೆಂದು ಕಾಣುತ್ತದೆ.

ಇನ್ನು ನಾಡಗೀತೆಯ ವಿಷಯ. ಕುವೆಂಪು ಬರೆದ ಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆಗಳಿಲ್ಲದೆ, ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಅಶ್ವತ್ಥರ ಧಾಟಿಯೂ ಚಾಲ್ತಿಯಲ್ಲಿತ್ತು, ಅದರ ಪರವಾಗಿ ವಾದಿಸಿದವರು ಹೈಕೋರ್ಟಿನವರೆಗೂ ಹೋದರು, ಅರ್ಜಿ ವಜಾ ಆಯಿತು. ಧಾಟಿಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸುವಷ್ಟು ಸ್ವರಜ್ಞಾನ ನನಗಿಲ್ಲ. ಎರಡನ್ನೂ ಇಷ್ಟಪಡುವ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅಶ್ವತ್ಥರ ಜಯಂತಿಯೂ ಪುಣ್ಯತಿಥಿಯೂ ಆದ ಸಭೆ ಅವರದಲ್ಲದ ಧಾಟಿಯಿಂದಲೇ ಆರಂಭವಾಗಬೇಕಾದ ಸನ್ನಿವೇಶದಲ್ಲಿ ಒಂದು ಸೂಕ್ಷ್ಮವಾದ ಹಾಸ್ಯವಿದೆ, ಅದನ್ನು ಸ್ವತಃ ಅಶ್ವತ್ಥರು ಇದ್ದಿದ್ದರೆ ನಮಗಿಂತ ಚೆನ್ನಾಗಿ ಸವಿಯುತ್ತಿದ್ದರೇನೋ. ಗೀತೆ ನಿಗದಿತ ಅವಧಿಯಲ್ಲಿ ಮುಗಿಯಿತು. ಆಮೇಲೆ ವೇದಿಕೆಯ ಗಣ್ಯರಿಗೆ ಹಾರ, ಪೇಟ, ಶಾಲುಗಳನ್ನು ಹೊದಿಸುವ ಕಾರ್ಯಕ್ರಮ ಐವತ್ತು ನಿಮಿಷ ನಡೆಯಿತು. ಅದಕ್ಕೆ ಆಲಾಪವೂ ಇತ್ತು, ಪುನರಾವರ್ತನೆಯೂ ಇತ್ತು, ಆದೇಶ ಮಾತ್ರ ಇರಲಿಲ್ಲ.

ಇಲ್ಲಿ ತಾರೀಖಿನ ಬಗ್ಗೆಯೇ ಒಂದು ಮಾತು. ನಮ್ಮ ಸೀಮೆಯಲ್ಲಿ ನನ್ನ ವಯಸ್ಸಿನ ಯಾರನ್ನೇ ಹುಟ್ಟಿದ ದಿನ ಕೇಳಿ, ಹತ್ತರಲ್ಲಿ ಆರು ಮಂದಿ ಜೂನ್ 1 ಎನ್ನುತ್ತಾರೆ. ಅಪ್ಪ ಮಗನ ಕೈಹಿಡಿದು ಶಾಲೆಗೆ ಕರೆತಂದು, ‘ಹಂಪಿ ಜಾತ್ರಿ ಆದ ಮ್ಯಾಲೆ, ಮಳಿ ಬರೋಕಿಂತ ಮುಂಚೆ ಹುಟ್ಯಾನ್ರಿ’ ಎಂದು ಖಚಿತವಾದ ಮಾಹಿತಿಯನ್ನೇ ಕೊಟ್ಟಿರುತ್ತಿದ್ದ. ಮೇಷ್ಟ್ರು ಅದನ್ನು ಸರ್ಕಾರಿ ಭಾಷೆಗೆ ಅನುವಾದಿಸಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಇದರ ಫಲವಾಗಿ ಪ್ರತಿ ಮೇ 31ರಂದು ಕಚೇರಿಗಳಲ್ಲಿ ಸಾಲುಸಾಲಾಗಿ ನಿವೃತ್ತಿಯ ಬೀಳ್ಕೊಡುಗೆಗಳು ನಡೆಯುತ್ತವೆ, ಮರುದಿನ ಊರಿಗೆ ಊರೇ ಹುಟ್ಟುಹಬ್ಬ ಆಚರಿಸುತ್ತದೆ. ನಾನೂ ಆ ಮಹಾಕುಟುಂಬದ ಸದಸ್ಯ. ಈ ಲೆಕ್ಕದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳಗಳ ಹಾಡುಗಾರರ ಚರಿತ್ರೆಯಲ್ಲಿ ಅತ್ಯಂತ ಮಹತ್ವದ ದಿನ ಜೂನ್ 1. ಅದಕ್ಕೆ ಹೊಂದಿಕೊಂಡೇ ಜೂನ್ 2ರಂದು ಇಳಯರಾಜಾ ಜನ್ಮದಿನ. ಅವರು ನಿಜವಾಗಿ ಹುಟ್ಟಿದ್ದು 3ರಂದಾದರೂ ಆ ದಿನವನ್ನು ಕರುಣಾನಿಧಿಯವರ ಹುಟ್ಟುಹಬ್ಬಕ್ಕೆ ಬಿಟ್ಟುಕೊಟ್ಟು ಒಂದು ದಿನ ಹಿಂದೆ ಸರಿದರು. 4ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ. ನಾಲ್ಕು ದಿನ ಪೆಂಡಾಲು ಬಿಚ್ಚುವ ಅಗತ್ಯವೇ ಇಲ್ಲ, 5ರಂದು ಅದೇ ಪೆಂಡಾಲಿನಲ್ಲಿ ಹೊಸ ಫ್ಲೆಕ್ಸ್ ಕಟ್ಟಿ ಪರಿಸರ ದಿನವನ್ನೂ ಆಚರಿಸಬಹುದು.

ಈ ತಾರೀಖಿನ ಹುಚ್ಚು ನಮಗಷ್ಟೇ ಮೀಸಲೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. ‘ಇತಿಹಾಸದಲ್ಲಿ ಈ ದಿನ’ ಎಂಬ ತಲೆಬರಹದಡಿ ಪ್ರತಿ ಬೆಳಿಗ್ಗೆ ನನಗೆ ಪಟ್ಟಿ ಕಳಿಸುವ ಸ್ನೇಹಿತರೊಬ್ಬರಿದ್ದಾರೆ. ಅವರ ಕೃಪೆಯಿಂದ ಪಾಶ್ಚಾತ್ಯ ಸಂಗೀತದಲ್ಲಿ ಆಗಸ್ಟ್ 16 ಎಷ್ಟು ಜನಜಂಗುಳಿಯ ದಿನವೆಂದು ತಿಳಿಯಿತು. 1958ರಲ್ಲಿ ಮಡೋನಾ ಹುಟ್ಟಿದ್ದು, 1977ರಲ್ಲಿ ಎಲ್ವಿಸ್ ಪ್ರೀಸ್ಲಿ ತೀರಿಕೊಂಡದ್ದು, 2018ರಲ್ಲಿ ಅರೀಥಾ ಫ್ರಾಂಕ್ಲಿನ್ ತೀರಿಕೊಂಡದ್ದು ಅದೇ ದಿನ. ಎಲ್ವಿಸನ ಮೆಂಫಿಸ್ ಮನೆಯ ಮುಂದೆ ಹಿಂದಿನ ರಾತ್ರಿಯಿಂದಲೇ ಅಭಿಮಾನಿಗಳು ಮೇಣದಬತ್ತಿ ಹಿಡಿದು ನಿಲ್ಲುತ್ತಾರಂತೆ, ಕೇಕಿನ ಸುದ್ದಿ ಕೇಳಿಲ್ಲ. ಆದರೆ ಆ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಹೆಸರು ರಾಬರ್ಟ್ ಜಾನ್ಸನ್. 1938ರ ಆಗಸ್ಟ್ 16ರಂದು ಮಿಸಿಸಿಪಿಯಲ್ಲಿ ಸತ್ತ ಈ ಕಪ್ಪು ಗಿಟಾರುಗಾರ ಬದುಕಿದ್ದಾಗ ರೆಕಾರ್ಡಿಂಗಿಗೆ ಕೊಟ್ಟುಹೋದದ್ದು ಕೇವಲ 29 ಹಾಡು. ಹುಟ್ಟಿದ ವರ್ಷದ ಬಗ್ಗೆ ಒಮ್ಮತವಿಲ್ಲ; ಸತ್ತ ದಿನ ಗೊತ್ತು, ಆದರೆ ಹೂತದ್ದೆಲ್ಲಿ ಎಂಬುದಕ್ಕೆ ಮೂರು ಕಡೆ ಮೂರು ಕಲ್ಲುಗಳಿವೆ. ಅವನು ನಮ್ಮ ಕಡೆ ಹುಟ್ಟಿದ್ದರೆ ಜೂನ್ 1 ಎಂದಾದರೂ ಇರುತ್ತಿತ್ತು.

ನಮ್ಮವರಿಗೆ ಅದೂ ಇಲ್ಲ ಎಂಬುದು ಆಮೇಲೆ ಹೊಳೆಯಿತು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ, ಆದ್ದರಿಂದ ಜೂನ್ 1 ಬರೆಯುವ ಮೇಷ್ಟ್ರ ಭಾಗ್ಯವೂ ಅವರಿಗೆ ಇರಲಿಲ್ಲ. ಹುಟ್ಟಿದ್ದು 1930 ಎನ್ನುತ್ತಾರೆ, ಅಷ್ಟೆ. ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಲ್ಲೇ ಹೊತ್ತು ತಿರುಗಿದ, ಬರೆದಿಟ್ಟರೆ ಸಾವಿರಾರು ಪುಟಗಳಾಗುವ ಹಾಡನ್ನು ಒಂದು ಕಾಗದದ ಹಂಗಿಲ್ಲದೆ ಹಾಡಿದ ಆ ಬುರ್ರಕಥೆಯ ತಾಯಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ರಂಗಗೀತೆಗಳ ಸುಭದ್ರಮ್ಮ ಮನ್ಸೂರು 2020ರ ಜುಲೈಯಲ್ಲಿ, ನಾಲ್ಕು ಜನ ಸೇರುವುದೂ ಕಷ್ಟವಾಗಿದ್ದ ಕಾಲದಲ್ಲಿ ಹೋದರು. ಯುವ ಮುಖಂಡರ ಎಡಬಲಗಳಲ್ಲಿ ಇವರ ಮುಖ ಅಚ್ಚಾದ ಒಂದು ಫ್ಲೆಕ್ಸನ್ನೂ ನಾನು ನಮ್ಮ ಯಾವ ವೃತ್ತದಲ್ಲಿಯೂ ಕಂಡಿಲ್ಲ.

ಡಿಸೆಂಬರ್ 29ರ ಆ ವೇದಿಕೆಗೆ ಹಿಂತಿರುಗುತ್ತೇನೆ. ಕಂಪನಿ ನಾಟಕಗಳಲ್ಲಿ ಕಾಲು ಹಾರ್ಮೋನಿಯಂ ನುಡಿಸಿ ಮುದುಕರಾದ ಹಿರಿಯರೊಬ್ಬರನ್ನು ಸನ್ಮಾನಕ್ಕೆಂದು ಕರೆದಿದ್ದರು. ಅವರು ಪೆಟ್ಟಿಗೆಯನ್ನೂ ಹೊರಿಸಿಕೊಂಡು ಬಂದಿದ್ದರು, ಏಕೆಂದರೆ ಕಲಾವಿದರನ್ನು ಕರೆದರೆ ನುಡಿಸಲು ಕರೆದಿರುತ್ತಾರೆಂದು ನಂಬುವ ತಲೆಮಾರು ಅದು. ನಾಲ್ಕು ಗಂಟೆಗೆ ಬಂದವರನ್ನು ಒಂಬತ್ತಕ್ಕೆ ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು, ಸಮಯದ ಅಭಾವದಿಂದ ನುಡಿಸುವ ಕಾರ್ಯಕ್ರಮವನ್ನು ಕೈಬಿಡಲಾಗಿದೆ ಎಂದು ನಿರೂಪಕರು ಸುಮಧುರವಾಗಿ ಘೋಷಿಸಿದರು. ಆಮೇಲೆ ಆರ್ಕೆಸ್ಟ್ರಾದ ಹುಡುಗ ಪೆನ್‌ಡ್ರೈವ್‌ನಿಂದ ಟ್ರ್ಯಾಕ್ ಹಾಕಿ ಹಾಡಿದ. ಅವನ ತಪ್ಪಲ್ಲ, ಅವನಿಗೂ ಹೊಟ್ಟೆಯಿದೆ, ತಬಲಾದವರನ್ನು ಕರೆದರೆ ಅವರಿಗೆ ಕೊಡುವವರಾರು? ಹಿರಿಯರು ಪೆಂಡಾಲಿನ ಹಿಂದೆ ಕೂತು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಹೋಗಿ ಮಾತನಾಡಿಸಿದೆ. ಕಲಾವಿದರ ಮಾಸಾಶನದ ಅರ್ಜಿ ಏನಾಯಿತೆಂದು ಕೇಳಿದ್ದಕ್ಕೆ, ವಯಸ್ಸಿನ ದಾಖಲೆ ತರಲು ಹೇಳಿದ್ದಾರೆ ಎಂದರು. ಮನೆಯಲ್ಲಿ ಹದಿನಾಲ್ಕು ಶಾಲು ಇವೆಯಂತೆ. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿತ್ತು.

ನನಗೆ ಇಲ್ಲಿ ಹಾಸ್ಯ ಮಾಡಲು ಆಗುತ್ತಿಲ್ಲ. ಐದು ನಿಮಿಷ. ಆ ಮನುಷ್ಯನಿಗೆ ಐದು ನಿಮಿಷ ಕೊಟ್ಟಿದ್ದರೆ ಸಾಕಾಗಿತ್ತು. ಸತ್ತವರಿಗೆ ಹುಟ್ಟುಹಬ್ಬ ಆಚರಿಸುವಷ್ಟು ಬಿಡುವಿರುವ ಊರಿನಲ್ಲಿ ಬದುಕಿರುವವನ ಪೆಟ್ಟಿಗೆಯ ಮುಚ್ಚಳ ತೆರೆಯಲು ಬಿಡುವಿಲ್ಲ. ಆ ಇಡೀ ದಿನ, ಬೆಳಗಿನಿಂದ ರಾತ್ರಿಯವರೆಗೆ, ಅಶ್ವತ್ಥ್ ರಾಗ ಹಾಕಿದ ಹಾಡು ಆ ಧ್ವನಿವರ್ಧಕದಿಂದ ಹೊರಬಂದದ್ದು ಎರಡು ಸಲ, ಅದರಲ್ಲಿ ಒಂದು ಸಲ ಮೈಕ್ ಪರೀಕ್ಷೆಗೆ.

ಕಳೆದ ವಾರ ಸಂಘಟಕರಲ್ಲಿ ಒಬ್ಬರು ಫೋನ್ ಮಾಡಿದ್ದರು. ಬರುವ ವರ್ಷಕ್ಕೆ ಸಂಗೀತದ ಕ್ಯಾಲೆಂಡರೊಂದನ್ನು ಸಿದ್ಧಪಡಿಸುತ್ತಿದ್ದಾರಂತೆ. ಯಾವ ತಾರೀಖಿಗೆ ಯಾವ ಕಲಾವಿದರೆಂದು ಪಟ್ಟಿ ಕೊಡಬೇಕು, ಒಂದೇ ದಿನ ಇಬ್ಬರು ಮೂವರು ಬಂದರೆ ಇನ್ನೂ ಉತ್ತಮ ಎಂದರು. ವಿನಯವಂತರು, ನನ್ನ ಮೇಲೆ ಗೌರವವಿಟ್ಟವರು, ಬ್ಯಾನರಿನ ಬಗ್ಗೆ ನಾನು ನಾಲ್ಕು ಜನರೆದುರು ಆಡಿದ ಮಾತಿಗೂ ಬೇಸರ ಮಾಡಿಕೊಂಡವರಲ್ಲ. ನಾನು ಮೊದಲ ಹೆಸರಾಗಿ ದರೋಜಿ ಈರಮ್ಮನವರದನ್ನು ಹೇಳಿದೆ. ಬರೆದುಕೊಂಡರು. ಜನ್ಮದಿನ ಕೇಳಿದರು. 1930 ಎಂದೆ. ತಿಂಗಳು, ತಾರೀಖು ಕೇಳಿದರು. ಅದು ಯಾರೂ ಬರೆದಿಟ್ಟಂತಿಲ್ಲ ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

‘ತಾರೀಖೇ ಇಲ್ಲಂದ್ರ ಬ್ಯಾನರ್ ಮ್ಯಾಲೆ ಏನಂತ ಹಾಕ್ಬೇಕ್ರಿ ಸರ್?’ ಎಂದರು.