ಹುಬ್ಬಳ್ಳಿಗೂ ಒಂದು ಬಾರ್‌ಕ್ಯಾಂಪ್ ಬೇಕು

ಪ್ರಾಯೋಜಕರಿಲ್ಲದೆ ಹುಬ್ಬಳ್ಳಿ-ಧಾರವಾಡದಲ್ಲಿ ತಂತ್ರಜ್ಞಾನ ಸಮಾವೇಶ ಮಾಡೋದು ಕಷ್ಟ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಬಾರ್‌ಕ್ಯಾಂಪ್ ಮಾಡಬಹುದು, ಅಂದರೆ ಬಂದವರೇ ಆ ದಿನ ವಿಷಯ ಆರಿಸಿ ಮಾತಾಡುವ, ಎಲ್ಲರಿಗೂ ತೆರೆದ ಸಮಾವೇಶ. ಮೊದಲ ಬಾರ್‌ಕ್ಯಾಂಪ್ ನಡೆದದ್ದು 2005ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಒಂದು ವಾರದೊಳಗೆ ತಯಾರಿ ಮಾಡಿ, ಒಂದು ಕಂಪನಿಯ ಆಫೀಸಿನಲ್ಲೇ ನಡೆಸಿದರು. ತಂತ್ರಜ್ಞಾನ ಪುಸ್ತಕಗಳ ಪ್ರಕಾಶಕರಾದ ಓ'ರೈಲಿಯವರ ಫೂ ಕ್ಯಾಂಪ್ ಎಂಬ ಸಮಾವೇಶಕ್ಕೆ ಆಹ್ವಾನ ಇದ್ದವರು ಮಾತ್ರ ಹೋಗಬಹುದಿತ್ತು, ಇದಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಮರುವರ್ಷವೇ ಬೆಂಗಳೂರಿಗೂ ಬಂತು.

ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ಇಂಥದೊಂದಕ್ಕೆ ಹೋಗಿದ್ದೆ. ಬೆಳಿಗ್ಗೆ ಗೋಡೆ ಮೇಲೆ ಬರೀ ಖಾಲಿ ಚೌಕಗಳು. ಚೌಕಗಳ ಮೇಲ್ಗಡೆ ಕೋಣೆಯ ಹೆಸರು, ಪಕ್ಕದಲ್ಲಿ ಸಮಯ. ಮಾತಾಡುವವರು ಚೀಟಿಯಲ್ಲಿ ವಿಷಯ ಬರೆದು ಅಂಟಿಸಬೇಕು. ನನ್ನ ಪಕ್ಕದ ಡಿಪ್ಲೊಮಾ ಹುಡುಗಿ ಚೀಟಿ ಹಿಡಿದು ಹತ್ತು ನಿಮಿಷ ಸುಮ್ನೆ ನಿಂತಿದ್ದಳು. ಕೊನೆಗೆ ಅಂಟಿಸಿದಳು: 'ಕಂಪ್ಯೂಟರಿನಲ್ಲಿ ಕನ್ನಡ ಒತ್ತಕ್ಷರ ಯಾಕೆ ಒಡೆಯುತ್ತೆ?' ಅವಳ ಕೋಣೆ ತುಂಬಿ ಜನ ನೆಲದ ಮೇಲೆ ಕೂತರು.

ವಿದ್ಯಾನಗರದ ಯಾವುದಾದರೂ ಕಾಲೇಜು ಒಂದು ಭಾನುವಾರ ನಾಲ್ಕು ಕೋಣೆ ಕೊಟ್ಟರೆ ಸಾಕಲ್ವಾ? ಪ್ರೊಜೆಕ್ಟರ್ ಅಲ್ಲೇ ಇರುತ್ತೆ. ಗಿರ್ಮಿಟ್, ಮಿರ್ಚಿ, ಚಹಾ ನಾವೇ ಹಂಚಿಕೊಂಡು ತರಿಸೋಣ. ಗದಗ, ಹಾವೇರಿಯವರು ಬೆಳಗಿನ ಬಸ್ಸಿಗೆ ಬಂದು ಸಂಜೆ ಊರು ಸೇರಬಹುದು. ಉದ್ಘಾಟನೆ, ಶಾಲು, ಹಾರ ಮಾತ್ರ ದಯವಿಟ್ಟು ಬೇಡ, ಅದರಲ್ಲೇ ಅರ್ಧ ದಿನ ಹೋಗುತ್ತೆ. ಮೊದಲ ಚೀಟಿ ನಾನು ಅಂಟಿಸುತ್ತೇನೆ.